ಹೊಳೆ ದಾಟದ ಹಂಚು

ನಮ್ಮ ಶಾಲೆಯ ಸ್ಟಾಫ್ ರೂಮಿನ ಫ್ಯಾನಿಗೆ ಇರುವುದು ಎರಡೇ ಗುಣ. ಒಂದೋ ಅದು ತಿರುಗುವುದಿಲ್ಲ, ತಿರುಗಿದರೆ ಯಾರ ಕಾಗದವನ್ನೂ ಮೇಜಿನ ಮೇಲೆ ಉಳಿಸುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಮೇಜಿನ ಮೇಲೂ ಭಾರಕ್ಕೆಂದು ಒಂದೊಂದು ವಸ್ತು ಇದೆ. ಹಿಂದಿ ಮೇಡಮ್ಮಿನ ಹತ್ತಿರ ಒಳಗೆ ಹೂವಿರುವ ಗಾಜಿನ ಗುಂಡು, ಗಣಿತದ ಮೇಷ್ಟ್ರ ಹತ್ತಿರ ಹಿತ್ತಾಳೆ ಗಣಪತಿ. ಭೂಗೋಳ ಹೇಳಿಕೊಡುವ ನನ್ನ ಹತ್ತಿರ ಒಂದು ಹಂಚಿನ ಚೂರು. ನಿಪ್ಪಟ್ಟಿನಷ್ಟೇ ಅಗಲ, ಅಂಚೆಲ್ಲ ಸವೆದು ನುಣುಪಾಗಿದೆ. ಒಂದು ಮಗ್ಗುಲಲ್ಲಿ ಕಾರ್ಖಾನೆಯವರು ಒತ್ತಿದ ಅಕ್ಷರದ ಅರ್ಧ ಉಳಿದಿದೆ, ಯಾವ ಅಕ್ಷರ ಎಂದು ಹೇಳಲು ಯಾರಿಂದಲೂ ಆಗಿಲ್ಲ.

ಹೋದ ತಿಂಗಳು ಹೊಸದಾಗಿ ಬಂದ ಆಯಾ ಜಯಮ್ಮ ಮೇಜು ಒರೆಸುವಾಗ ಅದನ್ನು ಕಸದ ಬುಟ್ಟಿಗೆ ಹಾಕಿಬಿಟ್ಟಳು. ನಾನು ಬೆಳಗ್ಗೆ ಬಂದವಳೇ ಶಾಲೆಯ ಹಿಂದಿನ ಗುಂಡಿಗೆ ಇಳಿದು, ಸೀರೆ ಎತ್ತಿ ಕಟ್ಟಿ, ಸೀಮೆಸುಣ್ಣದ ಪುಡಿಯನ್ನೂ ಕಡಲೆಕಾಯಿ ಸಿಪ್ಪೆಯನ್ನೂ ಕೆದಕಿದೆ. ಒಂಬತ್ತನೇ ತರಗತಿಯ ಮಕ್ಕಳು ಕಿಟಕಿಯಲ್ಲಿ ಸಾಲಾಗಿ ನಿಂತು ನೋಡಿದರು. ಚಿನ್ನದ ಓಲೆ ಕಳೆದಿರಬೇಕು ಎಂದು ಜಯಮ್ಮ ಗಾಬರಿಯಾಗಿದ್ದಳು. ಹಂಚಿನ ಚೂರು ಸಿಕ್ಕಿತು ಎಂದು ನಾನು ನಕ್ಕಾಗ ಅವಳ ಮುಖ ನೋಡಬೇಕಿತ್ತು ನೀವು. "ಮೇಡಂ, ನಮ್ಮನೆ ಹಿಂದೆ ಒಂದ್ ಗಾಡಿ ಬಿದ್ದಿದೆ, ತಂದ್ಕೊಡ್ಲಾ" ಅಂದಳು. ಪಾಪ, ಅವಳ ತಪ್ಪೇನಿಲ್ಲ. ಈ ಹಂಚು ಹೊಳೆಯಲ್ಲಿ ಪ್ರಯಾಣ ಮಾಡಿ ಬಂದದ್ದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನದಿ ಯಾಕೆ ನೆಟ್ಟಗೆ ಹರಿಯುವುದಿಲ್ಲ ಎಂಬ ಪಾಠ ಪ್ರತಿವರ್ಷವೂ ಬರುತ್ತದೆ. ಪುಸ್ತಕದ ಉತ್ತರ ನಾಲ್ಕು ಸಾಲಿನದು, ನಾಲ್ಕು ಅಂಕದ್ದು. ಆದರೆ ಆ ಪಾಠದ ದಿನ ನನಗೆ ಬೇಗ ಬೆಲ್ ಹೊಡೆಯುವುದೇ ಬೇಡ ಅನಿಸುತ್ತದೆ, ಮಕ್ಕಳಿಗೆ ಯಾವಾಗ ಹೊಡೆದೀತೋ ಅನಿಸುತ್ತದೆ. ಯಾಕೆಂದರೆ ನಾನು ಹೊಳೆಯಿಂದ ಶುರು ಮಾಡಿ ನಮ್ಮ ಅಪ್ಪನಲ್ಲಿಗೆ ಹೋಗಿ ಮುಟ್ಟುತ್ತೇನೆ.

ಅಪ್ಪ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಕಾಳಿನ ಲೆಕ್ಕ ನೋಡುವ ರೈಟರ್ ಆಗಿದ್ದರು. ಅವರಷ್ಟು ನೆಟ್ಟಗಿನ ಮನುಷ್ಯನನ್ನು ನಾನು ನೋಡಿಲ್ಲ. ಕಾಫಿ ಗಿಡ ನೆಡಿಸುವಾಗ ಹಗ್ಗ ಹಿಡಿದು ಒಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಒಂದು ಗೂಟ ನಾಲ್ಕು ಬೆರಳು ಆಚೆ ಹೋದರೂ ಮೇಸ್ತ್ರಿ ಅದನ್ನು ಕಿತ್ತು ಮತ್ತೆ ನೆಡಬೇಕು. ಹಾಜರಿ ಪುಸ್ತಕಕ್ಕೆ ಅವರು ಎಳೆದ ಗೆರೆಗಳನ್ನು ಸಾಹುಕಾರರು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಇಂಥವರಿಗೆ ದೇವರು ಮಲೆನಾಡಿನಲ್ಲಿ ಜನ್ಮ ಕೊಟ್ಟದ್ದು ಸ್ವಲ್ಪ ಹೆಚ್ಚಾಯಿತು. ಕಳಸದಲ್ಲಿದ್ದ ನಮ್ಮ ಅತ್ತೆ ಮನೆಗೆ ಹೊರಟರೆ ಅಪ್ಪ ಬಸ್ಸು ಹತ್ತುವಾಗಲೇ ನಿಂಬೆಹಣ್ಣನ್ನು ಮೂಗಿಗೆ ಹಿಡಿಯುತ್ತಿದ್ದರು. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದರೆ ಅವರ ಮುಖ ಬಾಳೆಎಲೆಯ ಬಣ್ಣಕ್ಕೆ ತಿರುಗುತ್ತಿತ್ತು. "ಈ ರಸ್ತೆ ಮಾಡ್ದೋನಿಗೆ ಒಂದು ಹಗ್ಗ ಇರ್ಲಿಲ್ವಾ" ಎಂದು ಗೊಣಗುತ್ತಲೇ ಕಿಟಕಿಯ ಹೊರಗೆ ತಲೆ ಹಾಕುತ್ತಿದ್ದರು. ಅವರ ಮಗಳಾದ ನಾನು ಮೂರನೇ ತರಗತಿಯಲ್ಲಿ ಸ್ಲೇಟಿನ ಮೇಲೆ ಹೊಳೆ ಬರೆದಾಗ ಪಕ್ಕದಲ್ಲಿ ಸ್ಕೇಲ್ ಇಟ್ಟುಕೊಂಡಿದ್ದೆ ಎಂದರೆ ನೀವು ನಂಬಬೇಕು. ಮೇಷ್ಟ್ರು ನೋಡಿ, ಇದು ಹೊಳೆಯೋ ರಸ್ತೆಯೋ ಎಂದು ಕೇಳಿದ್ದರು.

ನಿಜವಾದ ಹೊಳೆ ನಮ್ಮ ಮನೆಯ ಕೆಳಗೇ ಇತ್ತು. ಹೇಮಾವತಿ. ಹಾಸನದ ಕಡೆಯವರು ಅವಳನ್ನು ದೊಡ್ಡ ನದಿ ಎನ್ನುತ್ತಾರೆ. ನಮ್ಮಲ್ಲಿ ಅವಳು ಇನ್ನೂ ಚಿಕ್ಕವಳು, ಬೇಸಿಗೆಯಲ್ಲಿ ಲಂಗ ಮೊಣಕಾಲಿಗೆತ್ತಿ ದಾಟುವಷ್ಟೇ. ಗದ್ದೆಬಯಲಿಗೆ ಇಳಿದ ಮೇಲೆ ಅವಳಿಗೆ ಅವಸರವೇ ಇರಲಿಲ್ಲ. ಆ ಗುಡ್ಡದ ಬುಡ ಮುಟ್ಟಿ, ಈ ತೋಟದ ಬೇಲಿ ಮುಟ್ಟಿ, ನೆಂಟರ ಮನೆಗೆಲ್ಲ ಹೋಗಿ ಬರುವ ಹಾಗೆ ಹರಿಯುತ್ತಿದ್ದಳು. ನಮ್ಮ ಗದ್ದೆಯ ಹತ್ತಿರ ಹೊಳೆ ಕುಡುಗೋಲಿನ ಹಾಗೆ ಬಾಗಿತ್ತು. ಹೊರಬಾಗು ನಮ್ಮ ಕಡೆ, ಒಳಬಾಗು ಆಚೆ ದಡದ ಲಕ್ಕಪ್ಪ ಮಾವನ ಕಡೆ. ಅಲ್ಲಿಂದ ಕೆಳಗೆ ಒಂದು ಕೂಗಳತೆ ಹೋದರೆ ಹೊಳೆ ಮಗ್ಗುಲು ಬದಲಿಸುತ್ತಿತ್ತು, ಅಲ್ಲಿ ಒಳಬಾಗು ನಮ್ಮ ಕಡೆಗೇ ಬರುತ್ತಿತ್ತು. ಅದು ನಮ್ಮದೇ ಬೀಳು ಜಾಗ. ಕೇದಗೆ ಮುಳ್ಳು, ಹಾವಿನ ಹೆದರಿಕೆ. ಹಾಗಾಗಿ ಯಾರೂ ಅತ್ತ ಹೋಗುತ್ತಿರಲಿಲ್ಲ.

ಬಾಗಿನ ಅಂಚಿನಲ್ಲಿದ್ದದ್ದು ಅಜ್ಜಿಯ ಗದ್ದೆ. ಅಜ್ಜಿ ಎಂದರೆ ಅಪ್ಪನ ಅಮ್ಮ. ಅವಳು ಮದುವೆಯಾಗಿ ಬಂದ ವರ್ಷ ಅಜ್ಜನೂ ಅವಳೂ ಇಬ್ಬರೇ ಸೇರಿ ಜೌಗು ಬಗೆದು, ಬದು ಕಟ್ಟಿ ಹಸನು ಮಾಡಿದ ಒಂದೇ ಒಂದು ತುಂಡು ಗದ್ದೆ ಅದು. ನಮ್ಮಲ್ಲಿ ದೀಪಾವಳಿಗೆ ಮೊದಲು ಹೊಸ್ತು ಎಂದು ಮಾಡುತ್ತಾರೆ. ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಮಾವಿನೆಲೆಯ ಜೊತೆ ಕಂಬಕ್ಕೂ ಭತ್ತ ತುಂಬುವ ಪಣತಕ್ಕೂ ಕಟ್ಟಿ, ಒಂಬತ್ತು ಕಾಳು ಸುಲಿದು ಹಳೆ ಅಕ್ಕಿಯ ಪಾಯಸಕ್ಕೆ ಹಾಕುವುದು. ಆ ತೆನೆಗೆ ಕದಿರು ಎನ್ನುತ್ತೇವೆ. ಅಜ್ಜ ಹೋದ ಮೇಲೆ ಅಜ್ಜಿಯದು ಒಂದೇ ಹಟ, ಕದಿರು ಆ ಗದ್ದೆಯದೇ ಆಗಬೇಕು. ಮನೆ ಮುಂದಿನ ಗದ್ದೆಯಲ್ಲಿ ತೆನೆ ತೂಗುತ್ತಿದ್ದರೂ ಅವಳು ಕುಡುಗೋಲು ಹಿಡಿದು ಹೊಳೆಯವರೆಗೆ ನಡೆಯುತ್ತಿದ್ದಳು. "ಅವ್ರು ಬದು ಮೆಟ್ಟಿದ್ದು ಅಲ್ಲಿ. ಬೇರೆ ಕಡೇದು ತಂದ್ರೆ ಅವ್ರಿಗೆ ಊಟ ಬಡಿಸ್ದಂಗೆ ಆಗಲ್ಲ ಕೂಸೇ" ಎನ್ನುತ್ತಿದ್ದಳು.

ಆ ಗದ್ದೆಯನ್ನು ಹೊಳೆ ತಿನ್ನುತ್ತಿತ್ತು. ಪ್ರತಿ ಮಳೆಗಾಲ ಒಂದು ಮಾರು, ಒಂದೂವರೆ ಮಾರು. ಆಷಾಢದಲ್ಲಿ ಮನೆಯ ಜಗಲಿಗೆ ದಡ ಕುಸಿಯುವ ಸದ್ದು ದೊಪ್ಪೆಂದು ಕೇಳಿಸುತ್ತಿತ್ತು. ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂರುತ್ತಿದ್ದಳು.

ಹೊಳೆ ಹೀಗೆ ಯಾಕೆ ಮಾಡುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವಳೂ ಅವಳೇ. ಕಣದಲ್ಲಿ ಒಕ್ಕಲಾಟ ನಡೆಯುತ್ತಿತ್ತು, ನಡುವಿನ ಮೇಟಿ ಕಂಬಕ್ಕೆ ಕಟ್ಟಿದ ಎತ್ತುಗಳು ಹುಲ್ಲು ತುಳಿಯುತ್ತ ಸುತ್ತುತ್ತಿದ್ದವು. "ನೋಡು, ಮೇಟಿ ಹತ್ರದ ಎತ್ತು ನಿಂತಲ್ಲೇ ನಿದ್ದೆ ಮಾಡ್ತದೆ. ಹೊರಗಿನ ಎತ್ತು ಓಡ್ಬೇಕು. ಓಡೋ ಎತ್ತು ನೆಲ ಕೆದರ್ತದೆ. ಹೊಳೇನೂ ಹಂಗೇಯ. ನಮ್ ಕಡೆ ನೀರು ಓಡ್ತದೆ, ಆ ಕಡೆ ನೀರು ಮಲಗ್ತದೆ" ಅಂದಳು. ಮುಂದೆ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪ್ರೊಫೆಸರರು ಇದನ್ನೇ ಬೋರ್ಡಿನ ತುಂಬ ಬಾಣಗಳನ್ನು ಹಾಕಿ ವಿವರಿಸಿದಾಗ ನನಗೆ ಬೋರ್ಡಿನ ಮೇಲೆ ಬರೀ ಎತ್ತುಗಳೇ ಕಂಡವು. ನಗು ಬಂತು. ಹೊರಗೆ ಕಳಿಸಿದರು.

ಅಪ್ಪನಿಗೆ ಎತ್ತಿನ ಕಥೆ ಬೇಕಿರಲಿಲ್ಲ. ಹೊಳೆಗೆ ಬುದ್ಧಿ ಕಲಿಸಬೇಕು ಎಂದು ಅವರು ತೀರ್ಮಾನಿಸಿದ್ದು ನಾನು ಮೂರನೇ ತರಗತಿಯಲ್ಲಿದ್ದಾಗ, ಅಂದರೆ ತೊಂಬತ್ತರ ದಶಕದ ಶುರುವಿನಲ್ಲಿ. ಆ ವರ್ಷ ನಮ್ಮ ಕೊಟ್ಟಿಗೆಯ ಹಂಚು ತೆಗೆಸಿ ಶೀಟು ಹಾಕಿಸಿದ್ದೆವು. ಒಡೆದ ಹಂಚೆಲ್ಲ ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಅಪ್ಪ ದಡದುದ್ದಕ್ಕೂ ಗೂಟ ಹೊಡೆಸಿ, ಬಿದಿರಿನ ತಟ್ಟಿ ಕಟ್ಟಿಸಿ, ಹಿಂದೆ ಎರಡು ಗಾಡಿ ಹಂಚಿನ ಚೂರು ಸುರಿಸಿದರು. ಹಗ್ಗ ಹಿಡಿದೇ ಕಟ್ಟಿಸಿದ್ದು. ಬಾಗಿದ ಹೊಳೆಯ ಪಕ್ಕ ಆ ಕೆಂಪು ಗೋಡೆ ಎಷ್ಟು ನೆಟ್ಟಗಿತ್ತೆಂದರೆ ನೋಡಲು ಊರವರು ಬಂದಿದ್ದರು. ಅಜ್ಜಿ ಮಾತ್ರ, "ಓಡೋ ಎತ್ತಿನ್ ಮುಂದೆ ತಡಿಕೆ ಇಟ್ರೆ ನಿಲ್ತದಾ" ಎಂದು ಎದ್ದು ಹೋದಳು.

ಆರಿದ್ರಾ ಮಳೆಗೆ ಗೂಟ ಅಲ್ಲಾಡಿತು. ಪುನರ್ವಸು ಮುಗಿಯುವ ಹೊತ್ತಿಗೆ ಗೂಟ, ತಟ್ಟಿ, ಹಂಚು ಯಾವುದೂ ಇರಲಿಲ್ಲ. ಜೊತೆಗೆ ಎರಡು ಮಾರು ಗದ್ದೆಯೂ ಹೋಯಿತು.

ನೀರಿಳಿದ ಮೇಲೆ ಆಚೆ ದಡದಲ್ಲಿ ಲಕ್ಕಪ್ಪ ಮಾವನ ಮರಳು ದಿಣ್ಣೆ ಇನ್ನಷ್ಟು ಅಗಲವಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪನೂ ಅವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಹುಟ್ಟಿದಾಗ ಮೂಡಿಗೆರೆ ಆಸ್ಪತ್ರೆಗೆ ಜೀಪು ಮಾಡಿಕೊಂಡು ಬಂದವರು ಲಕ್ಕಪ್ಪ ಮಾವ. ನೆಂಟಸ್ತಿಕೆಯೇನೂ ಇಲ್ಲ, ಆದರೂ ಮಾವ. ಅವರಿಗೆ ತಮಾಷೆ ಮಾಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅವತ್ತು ಹೊಳೆಯ ಕಾಲುಸಂಕದ ಆಚೆ ತುದಿಯಲ್ಲಿ ನಿಂತು ಅಪ್ಪನಿಗೆ ಕೂಗಿ ಹೇಳಿದರು: "ಶಿವಾ, ನಿಮ್ಮ ಗದ್ದೆ ಪೂರ್ತಿ ಈಚೆ ಬಂದ್ಮೇಲೆ ಒಂದ್ ಮಾತು ಹೇಳು ಮಾರಾಯ, ಬದು ಕಟ್ಟಿಸ್ತೀನಿ."

ಬೇರೆ ದಿನವಾಗಿದ್ದರೆ ಅಪ್ಪ ನಗುತ್ತಿದ್ದರು. ಅವತ್ತು ಬೆನ್ನ ಹಿಂದೆ ಅಜ್ಜಿ ನಿಂತಿದ್ದಳು. ಅಪ್ಪ ತಿರುಗಿ ಮನೆಗೆ ಬಂದರು. ಆಮೇಲೆ ಐದು ವರ್ಷ ಲಕ್ಕಪ್ಪ ಮಾವನ ಜೊತೆ ಮಾತಾಡಲಿಲ್ಲ.

ಸಂಕದ ವಿಷಯ ಹೇಳಬೇಕು. ಬಾಗು ಶುರುವಾಗುವಲ್ಲಿ, ಕೊರೆತ ಕಡಿಮೆ ಇದ್ದ ಕಡೆ, ಹೊಳೆ ದಾಟಲು ಬಗನೆ ಮರದ ದಿಮ್ಮಿಗಳನ್ನು ಜೋಡಿಸಿದ ಕಾಲುಸಂಕ ಅದು. ನಮ್ಮ ಕಡೆಯ ದಡ ಹಿಂದೆ ಸರಿದಂತೆಲ್ಲ ಸಂಕ ಗಿಡ್ಡವಾಗುತ್ತಿತ್ತು, ಎರಡು ಮೂರು ವರ್ಷಕ್ಕೊಮ್ಮೆ ನಮ್ಮ ತುದಿಗೆ ಇನ್ನೊಂದು ದಿಮ್ಮಿ ಸೇರಿಸಬೇಕು. ಬೆಳೆಯುವ ಹುಡುಗಿಯ ಲಂಗಕ್ಕೆ ಅಂಚು ಬಿಡಿಸುವ ಹಾಗೆ. ಆಚೆ ತುದಿಯ ದಿಮ್ಮಿಗಳು ಮರಳಿನ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಮೊದಲೆಲ್ಲ ಅಪ್ಪ ಮತ್ತು ಲಕ್ಕಪ್ಪ ಮಾವ ಸೇರಿಯೇ ಈ ಕೆಲಸ ಮಾಡುತ್ತಿದ್ದರು. ಜಗಳದ ಮೇಲೆ ಅಪ್ಪ, ನೆಲ ಯಾರಿಗೆ ಸಿಕ್ಕಿತೋ ಅವರೇ ದಿಮ್ಮಿ ಹಾಕಲಿ ಎಂದುಬಿಟ್ಟರು, ಅದೂ ಲಕ್ಕಪ್ಪ ಮಾವನಿಗೆ ಅಲ್ಲ, ಅಮ್ಮನಿಗೆ. ಹಾಗಾಗಿ ಸಂಕಕ್ಕೂ ದಡಕ್ಕೂ ನಡುವೆ ಒಂದು ಹಾರುವಷ್ಟು ಜಾಗ ಬಿತ್ತು. ನಾವು ಹಾರುತ್ತಿದ್ದೆವು. ಎಸ್ಟೇಟಿನ ದಾರಿ ನಮ್ಮ ದಡದ ಮೇಲೇ, ಸಂಕ ಕಾಣುವ ಹಾಗೆ ಹೋಗುತ್ತಿತ್ತು. ಸಂಕದ ಮೇಲೆ ಲಕ್ಕಪ್ಪ ಮಾವನ ತಲೆ ಕಂಡರೆ ಅಪ್ಪ ತೋಟ ಸುತ್ತಿಕೊಂಡು ಒಂದು ಮೈಲಿ ಜಾಸ್ತಿ ನಡೆದು ಎಸ್ಟೇಟಿಗೆ ಹೋಗುತ್ತಿದ್ದರು. ನೆಟ್ಟಗಿನ ಮನುಷ್ಯ ಹಾಗೆ ಬಳಸಿ ನಡೆಯುತ್ತಿದ್ದದ್ದನ್ನು ನೆನೆದರೆ ನನಗೆ ಈಗಲೂ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ನಾನು ಎಂಟನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಜ್ಜಿಯ ಗದ್ದೆ ಎರಡು ಚಾಪೆ ಹಾಸುವಷ್ಟೇ ಉಳಿದಿತ್ತು. ಬರುವ ಮಳೆಗಾಲ ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಅಪ್ಪ ಊರ ಹಿರಿಯರನ್ನು ಕೂರಿಸಿ ನ್ಯಾಯ ಕೇಳುವುದೆಂದು ಹೊರಟರು. ನಮ್ಮ ಮಣ್ಣು ಆಚೆ ದಡದಲ್ಲಿದೆ, ಅಜ್ಜಿಗೆ ಕದಿರು ಬೆಳೆಯುವಷ್ಟು ಜಾಗ ಅಲ್ಲಿ ಬಿಡಿಸಿಕೊಡಿ ಎಂಬುದು ಅವರ ವಾದ. ಸಾಕ್ಷಿ ಬೇಕಲ್ಲ? ಸಾಕ್ಷಿ ಹಂಚು. "ನಮ್ಮ ಕೊಟ್ಟಿಗೆ ಹಂಚು ಅವನ ಮರಳಲ್ಲಿ ಸಿಗದೆ ಎಲ್ಲೋಗ್ತದೆ? ಒಂದು ಚೀಲ ಆರಿಸ್ಕೊಂಡು ಬಾ. ಯಾರಾದ್ರೂ ಕೇಳಿದ್ರೆ ಬಟ್ಟೆ ಒಗೆಯೋಕೆ ಬಂದಿದ್ದೆ ಅನ್ನು" ಎಂದು ನನ್ನನ್ನು ಕಳಿಸಿದರು.

ಜೀವನದಲ್ಲಿ ನಾನು ಮಾಡಿದ ಒಂದೇ ಪತ್ತೇದಾರಿ ಕೆಲಸ ಅದು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಲಕ್ಕಪ್ಪ ಮಾವನ ಮರಳನ್ನು ಕೋಳಿಯ ಹಾಗೆ ಕೆದಕಿದೆ. ಲಕ್ಕಪ್ಪ ಮಾವನ ಹೆಂಡತಿ ಸರೋಜತ್ತೆ ಮೇಲಿನಿಂದ ನೋಡಿ, "ಎಂತ ಕೂಸೇ, ಬಟ್ಟೆ ಎಲ್ಲಿ?" ಅಂದರು. ನಾನು ಬಟ್ಟೆಯನ್ನೇ ತಂದಿರಲಿಲ್ಲ. ಪತ್ತೇದಾರಿಕೆ ಅಷ್ಟು ಚೆನ್ನಾಗಿತ್ತು. ಅವರು ಮತ್ತೇನೂ ಕೇಳದೆ ಒಂದು ಲೋಟ ಮಜ್ಜಿಗೆ ಕೊಟ್ಟು ಹೋದರು.

ಕೆಂಪು ಹಂಚು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಕಪ್ಪು ಇಟ್ಟಿಗೆಯ ಚೂರು, ಬೇಕಾದಷ್ಟು. ಹೊಳೆಯ ಮೇಲ್ಗಡೆ, ಅದೇ ಆಚೆ ದಡದಲ್ಲಿ ಹಿಂದೆ ಲಕ್ಕಪ್ಪ ಮಾವನ ತಂದೆ ಇಟ್ಟಿಗೆ ಗೂಡು ಹಾಕಿದ್ದರಂತೆ. ಅಲ್ಲಿ ಹೊಳೆ ಅವರ ದಡವನ್ನು ಕೊರೆದು ಗೂಡನ್ನು ನುಂಗಿತ್ತು. ನನಗೆ ಆಗ ಅದೊಂದೂ ಹೊಳೆಯಲಿಲ್ಲ. ಬರಿಗೈಯಲ್ಲಿ ಹೋದರೆ ಅಪ್ಪ ಬೈಯುತ್ತಾರೆ ಎಂಬುದು ಮಾತ್ರ ಹೊಳೆಯಿತು. ಅವರ ಕಣ್ಣು ತಪ್ಪಿಸಲು ನೀರಿನಲ್ಲೇ ಕೆಳಗೆ ನಡೆದು, ನಮ್ಮ ಬೀಳು ಜಾಗದ ಹತ್ತಿರ ದಡ ಹತ್ತಿದೆ. ಕಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಕೆಂಪು.

ಇನ್ನೊಂದು. ಅದರಾಚೆ ಹತ್ತು. ಕೇದಗೆಯ ಬುಡದವರೆಗೂ ಮರಳಿನಲ್ಲಿ ನಮ್ಮ ಕೊಟ್ಟಿಗೆ ಚೂರುಚೂರಾಗಿ ಹರಡಿ ಬಿದ್ದಿತ್ತು. ಕೆಲವಕ್ಕೆ ಇನ್ನೂ ಹೊಗೆಯ ಮಸಿ ಇತ್ತು. ಮೊದಲು ಅಲ್ಲೇ ಇದ್ದ ಹೊಳೆಯ ಅಂಚು ಈಗ ಏಳೆಂಟು ಮಾರು ಮುಂದೆ ಸರಿದಿತ್ತು. ಮರಳಿನ ಮೇಲೆ ಮೆಕ್ಕಲು ಮಣ್ಣು ಗೇಣುದ್ದ ಕೂತಿತ್ತು, ಮೇಲೆ ಹಸಿರು ಹುಲ್ಲು. ನಾನು ಓಡಿ ಹೋಗಿ ಅಜ್ಜಿಯನ್ನೂ ಅಪ್ಪನನ್ನೂ ಕರೆತಂದೆ.

ಅಪ್ಪ ಹಂಚನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಇದು ಇಲ್ಲಿಗೆ ಹೆಂಗ್ ಬಂತು?"

"ಹೊಳೆ ತಂತು" ಅಂದಳು ಅಜ್ಜಿ.

"ಆಚೆ ಹೋಗ್ಬೇಕಿತ್ತಲ್ಲ."

"ಯಾಕೆ ಹೋಗ್ಬೇಕು? ಅದು ನಮ್ ಮಗ್ಲಿಂದ ಎತ್ಕೊಂಡಿದ್ದು. ನಮ್ ಮಗ್ಲಲ್ಲೇ ಇಳ್ಸಿದೆ." ಅಜ್ಜಿ ಕೂತು ಒಂದು ಹಿಡಿ ಮೆಕ್ಕಲು ತೆಗೆದು ಬೆರಳಲ್ಲಿ ಉಜ್ಜಿದಳು, ಮೂಸಿ ನೋಡಿದಳು.

ಹೊಳೆಯ ಬಗ್ಗೆ ನನಗೆ ಭಕ್ತಿ ಹುಟ್ಟಿದ್ದು ಆ ಮಧ್ಯಾಹ್ನ. ಆಮೇಲೆ ಎಷ್ಟು ಓದಿದರೂ ಅದು ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ. ಒಂದು ದಡದಿಂದ ಕೊರೆದ ಮಣ್ಣನ್ನು ಹೊಳೆ ಬಹುಮಟ್ಟಿಗೆ ಎದುರು ದಡಕ್ಕೆ ಹಾಕುವುದಿಲ್ಲ, ಅದೇ ದಡದ ಮುಂದಿನ ಒಳಬಾಗಿಗೆ ಒಯ್ದು ಇಳಿಸುತ್ತದೆ ಎಂದು ಪುಸ್ತಕದಲ್ಲೂ ಇದೆ. ಎದುರು ದಡದ ದಿಣ್ಣೆ ಬೆಳೆಯುವುದು ಮೇಲಿನಿಂದ ಬಂದ ಮಣ್ಣಿನಿಂದ. ಒಂದೊಂದು ಮಳೆಗಾಲಕ್ಕೆ ಹೀಗೆ ಒಂದೊಂದು ಮಾರು. ಬಾಗು ದೊಡ್ಡದಾಗುತ್ತ, ಕೆಳಗೆ ಸರಿಯುತ್ತ, ಬಯಲಿನ ಇಡೀ ಮಣ್ಣನ್ನು ಹೊಳೆ ಮಗುಚಿ ಹಾಕುತ್ತದೆ. ಯಾವ ರೈಟರೂ ಇಲ್ಲ, ಹಗ್ಗವೂ ಇಲ್ಲ. ಆದರೂ ಆ ಬಾಗಿನಷ್ಟು ಚೆಂದದ ಗೆರೆಯನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆಯಲು ನೋಡಿದ್ದೇನೆ, ಒಂದು ಸಲವೂ ಬಂದಿಲ್ಲ. ಈಗ ಊರಿಗೆ ಹೋದಾಗ ನೋಡಿದರೆ ಸಂಕ ಇದ್ದ ಜಾಗದಲ್ಲಿ ಹೊಳೆಯೇ ಇಲ್ಲ, ಅಲ್ಲಿ ಎಮ್ಮೆ ಮೇಯುತ್ತವೆ.

ಆ ವರ್ಷ ಅಜ್ಜಿ ಬೀಳಿನ ಮುಳ್ಳು ಕಡಿಸಿ, ಮೆಕ್ಕಲಿನಲ್ಲಿ ಒಂದು ಪುಟ್ಟ ಮಡಿ ಮಾಡಿಸಿ ನಾಟಿ ಹಾಕಿಸಿದಳು. ಅಪ್ಪ ಬದುವಿಗೆ ಹಗ್ಗ ಹಿಡಿಯಲು ಬಂದರು. ಅಜ್ಜಿ ಹಗ್ಗ ಕಿತ್ತುಕೊಂಡು, "ಹೊಳೆ ಹೆಂಗಿದೆಯೋ ಹಂಗೆ ಕಟ್ಟು" ಅಂದಳು. ಮಡಿ ಮೂರು ಸಲ ಮುಳುಗಿತು, ಮೂರು ಸಲವೂ ತಲೆ ಎತ್ತಿತು. ಹಳೆಯ ಗದ್ದೆಯ ಉಳಿದ ತುಂಡು ಶ್ರಾವಣದಲ್ಲಿ ದೊಪ್ಪೆಂದು ಬಿತ್ತು. ಆ ಸಲ ಅಜ್ಜಿ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. "ಹೋಗ್ಲಿ, ದಾರಿ ಗೊತ್ತಲ್ಲ ಅದಕ್ಕೆ" ಅಂದಳಷ್ಟೆ.

ಹೊಸ್ತಿನ ಬೆಳಗ್ಗೆ ಅವಳು ಬೀಳಿನಿಂದ ಕದಿರು ಕೊಯ್ದು ತಂದಳು. ಮನೆಗೆ ಕಟ್ಟಿ, ಒಂದು ಹಿಡಿ ಬೇರೆ ತೆಗೆದು ಮಾವಿನೆಲೆ ಸೇರಿಸಿ ಅಪ್ಪನ ಕೈಗಿಟ್ಟಳು. "ಆಚೆ ಮನೆಗೆ ಕೊಟ್ಟು ಬಾ."

ಅಪ್ಪ, "ಕೂಸು ಕೊಟ್ಟು ಬರ್ತದೆ" ಅಂದರು.

"ಕೂಸು ಜಗಳ ಮಾಡಿಲ್ಲ" ಅಂದಳು ಅಜ್ಜಿ.

ನಾನೂ ಜೊತೆಗೆ ಹೊರಟೆ. ಸಂಕದ ಹತ್ತಿರ ಬಂದಾಗ ಅಪ್ಪ ನಿಂತರು. ಐದು ವರ್ಷ ಸಂಕ ತುಳಿಯದವರಿಗೆ ಅಲ್ಲಿ ಎಷ್ಟು ದೂರ ಹಾರಬೇಕು ಎಂಬುದೇ ಗೊತ್ತಿರಲಿಲ್ಲ. ನಾನು ಹಾರಿ ತೋರಿಸಿದೆ. ಪಂಚೆ ಎತ್ತಿ ಕಟ್ಟಿ, ಕದಿರನ್ನು ಎದೆಗೆ ಒತ್ತಿ, ಅವರೂ ಹಾರಿದರು.

ಲಕ್ಕಪ್ಪ ಮಾವ ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ಅಪ್ಪನನ್ನು ನೋಡಿ ಎದ್ದು ನಿಂತರು. ಅಪ್ಪ ಕದಿರನ್ನು ಅವರ ಕೈಗೆ ಕೊಟ್ಟರು. ಆಮೇಲೆ ಜೇಬಿನಿಂದ ಹಂಚಿನ ಚೂರು ತೆಗೆದು ಜಗಲಿಯ ಮೇಲೆ ಇಟ್ಟರು.

"ಇದು ನಮ್ಮ ಬೀಳಲ್ಲಿ ಸಿಕ್ತು. ನಿನ್ನ ಮರಳಲ್ಲಿ ನಮ್ದು ಎಂತದೂ ಇಲ್ಲ ಕಣೋ ಲಕ್ಕ."

"ನಂಗೆ ಆವಾಗ್ಲೇ ಗೊತ್ತಿತ್ತು" ಅಂದರು ಲಕ್ಕಪ್ಪ ಮಾವ. "ನಮ್ಮಪ್ಪನ ಗೂಡಿನ ಇಟ್ಟಿಗೆ ಗುರ್ತು ನಂಗೆ ಸಿಗಲ್ವಾ?"

"ಮತ್ತೆ ಹೇಳೋಕೆ ಏನಾಗಿತ್ತು?"

"ಹೇಳಣ ಅಂತ ಎಷ್ಟ್ ಸಲ ಸಂಕದ ಮೇಲೆ ಬಂದು ನಿಂತೆ. ನನ್ ತಲೆ ಕಂಡ ಕೂಡ್ಲೆ ನೀನು ತೋಟ ಸುತ್ತಿ ಹೋಗ್ತಿದ್ದೆ. ಹೊಳೆಗಾದ್ರೂ ಬಳಸಿ ಹೋಗೋಕೆ ಒಂದ್ ಕಾರಣ ಇರ್ತದೆ ಮಾರಾಯ."

ಅಪ್ಪ ತಲೆ ತಗ್ಗಿಸಿದರು. ಕ್ಷಮೆ ಕೇಳುವುದು ಅವರಿಗೆ ಬರುವುದಿಲ್ಲ. "ಸಂಕಕ್ಕೆ ನಮ್ ತುದೀಲಿ ಒಂದ್ ದಿಮ್ಮಿ ಹಾಕ್ಬೇಕು" ಅಂದರು.

ಲಕ್ಕಪ್ಪ ಮಾವ ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಗೋಡೆಯ ಬದಿಯಲ್ಲಿ ಒಂದು ಬಗನೆ ದಿಮ್ಮಿ ಬಿದ್ದಿತ್ತು. ಸಂಕದ ಅಳತೆಗೇ ಕಡಿದದ್ದು. "ಕಡಿದು ಮೂರು ವರ್ಷ ಆಯ್ತು. ತಂದು ಹಾಕಣ ಅಂದ್ರೆ, ನಿನ್ ದಡಕ್ಕೆ ನಿನ್ನ ಕೇಳದೆ ಹೆಂಗ್ ಕಾಲಿಡೋದು?"

ಅಪ್ಪ ಬಗ್ಗಿ ದಿಮ್ಮಿಯನ್ನು ಒತ್ತಿ ನೋಡಿದರು. ಬೆರಳು ಒಳಗೆ ಹೋಯಿತು. ಮೂರು ಮಳೆಗಾಲ ಕಾದು ಅದು ಲಡ್ಡಾಗಿತ್ತು, ಮಗ್ಗುಲಲ್ಲೆಲ್ಲ ಅಣಬೆ ಎದ್ದಿತ್ತು. ಅಪ್ಪ ಅಲ್ಲೇ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

"ಏಳು, ಏಳು. ಹಬ್ಬದ ದಿನ ಎಂತದು ಇದು. ಇಬ್ರೂ ಸೇರಿ ಹೊಸದು ಕಡಿಯಣ" ಎಂದು ಲಕ್ಕಪ್ಪ ಮಾವ ಮಸೆಯುತ್ತಿದ್ದ ಕತ್ತಿಯನ್ನು ಎತ್ತಿಕೊಂಡರು. ಇಬ್ಬರೂ ಮರ ನೋಡಲು ಗುಡ್ಡ ಹತ್ತಿದರು. ಜಗಲಿಯ ಮೇಲೆ ಉಳಿದ ಹಂಚನ್ನು ನಾನು ಲಂಗದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಒಂದು ಬಗನೆ ಮರ ಆರಿಸಲು ಅವರಿಗೆ ಸಂಜೆಯಾಯಿತು. ಅಜ್ಜಿ ಹೊಸ್ತಿನ ಪಾಯಸವನ್ನು ಮೂರು ಸಲ ಬಿಸಿ ಮಾಡಿದಳು. ಬೇರೆ ದಿನ ಊಟಕ್ಕೆ ಅರ್ಧ ಗಂಟೆ ತಡವಾದರೆ ಮನೆಯೆಲ್ಲ ರಂಪ ಮಾಡುತ್ತಿದ್ದವಳು, ಕೆಳಗೆ ಗದ್ದೆಯ ಬದುವಿನ ಮೇಲೆ ಇಬ್ಬರ ಮಾತು ಕೇಳಿಸುವವರೆಗೂ ಬಾಗಿಲಲ್ಲೇ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಎಲೆ ಹಾಕಿದಳು.